ಕತ್ತದ ಹಗ್ಗದ ಬೈಕು

ಕಾಂತರಾಜು ಎಲೆಕ್ಟ್ರಿಕ್ ಬೈಕು ತಂದ ಮಾರನೆಯ ಬೆಳಗ್ಗೆ ಬೋರನಹಟ್ಟಿಯ ಹಸುಗಳು ಹಾಲು ಕೊಡಲಿಲ್ಲ.

ಕೇಳಿದವರಿಗೆ ಇದು ನಗುವ ಸಂಗತಿ. ಹಟ್ಟಿಯ ಇಪ್ಪತ್ತೆರಡು ಮನೆಯ ಹೆಂಗಸರಿಗೆ ಅವತ್ತು ನಗು ಬರಲಿಲ್ಲ.

ಸಿದ್ದರಕಟ್ಟೆ ಇರುವುದು ಎಮ್ಮೆದೊಡ್ಡಿ ಕಾವಲು ಎಂಬ ಹುಲ್ಲುಗಾವಲಿನ ಈಚೆ, ಬೋರನಹಟ್ಟಿ ಇರುವುದು ಆಚೆ. ಮಧ್ಯೆ ಏಳು ಕಿಲೋಮೀಟರ್ ಹುಲ್ಲು, ಕಲ್ಲು, ಜಾಲಿಮುಳ್ಳು ಮತ್ತು ಮರಳು ತುಂಬಿದ ಒಂದು ಹಳ್ಳ. ದಾರಿ ಎಂದು ಅಲ್ಲಿ ಏನೂ ಇಲ್ಲ. ದನ ನಡೆದ ಜಾಡಿದೆ, ಆ ಜಾಡು ದನಗಳ ಮನಸ್ಸು ಬಂದಂತೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ಸಿದ್ದರಕಟ್ಟೆಯ ಕಾಂತರಾಜು ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ಆ ಜಾಡಿನಲ್ಲಿ ಬೈಕು ಓಡಿಸಿಕೊಂಡು ಹೋಗಿ, ಹಟ್ಟಿಯ ಹಾಲನ್ನು ನಾಲ್ಕು ಕ್ಯಾನಿಗೆ ತುಂಬಿ, ಏಳೂವರೆಯೊಳಗೆ ಸಿದ್ದರಕಟ್ಟೆಯ ಟಾರು ರಸ್ತೆಗೆ ತಂದು ಡೇರಿಯ ವ್ಯಾನಿನ ಕ್ಯಾನುಗಳಿಗೆ ಸುರಿಯುತ್ತಿದ್ದ. ವ್ಯಾನು ಬೀರೂರಿಗೆ ಹೋಗುತ್ತಿತ್ತು. ಡೇರಿಯವರ ಲೆಕ್ಕದಲ್ಲಿ ಇದಕ್ಕೆ ರೂಟ್ ನಂಬರ್ ಹದಿನೇಳು ಎಂದು ಹೆಸರು.

ಅವನ ಅಪ್ಪ ಹನುಮಂತಯ್ಯನ ಕಾಲದಲ್ಲಿ ಸಿದ್ದರಕಟ್ಟೆಯ ಹೋಟೆಲಿನಲ್ಲಿ ಅವರ ಮನೆಯವರಿಗೆ ಬೇರೆ ಲೋಟ ಇತ್ತು, ಸೂರಿಗೆ ಸಿಕ್ಕಿಸಿದ್ದು. ಈಗ ಅದೇ ಹೋಟೆಲಿನ ಕಾಫಿಗೆ ಕಾಂತರಾಜುವಿನ ಕ್ಯಾನಿನ ಹಾಲು. ಒಂದು ದಿನ ಅವನು ಬರುವುದು ತಡವಾದರೆ ಊರಿನ ದೊಡ್ಡವರೆಲ್ಲ ಖಾಲಿ ಲೋಟ ಹಿಡಿದು ಕಾವಲಿನ ಕಡೆಗೇ ನೋಡುತ್ತ ಕೂತಿರುತ್ತಾರೆ. ಆ ಹಳೆಯ ಲೋಟವನ್ನು ಮರೆತವರು ಊರಲ್ಲಿ ಯಾರೂ ಇಲ್ಲ, ಅದರ ಮಾತೆತ್ತುವವರೂ ಇಲ್ಲ.

ಅವನ ಹಳೆಯ ಪೆಟ್ರೋಲ್ ಬೈಕಿಗೆ ಹದಿನೆಂಟು ವರ್ಷವಾಗಿತ್ತು. ಸೈಲೆನ್ಸರು ತುಕ್ಕು ಹಿಡಿದು ಅರ್ಧ ಉದುರಿಹೋಗಿತ್ತು. ದಿಣ್ಣೆ ಹತ್ತುವಾಗ ಅದು ದಬದಬ ಎಂದರೆ ಒಂದು ಮೈಲಿ ಆಚೆಗೆ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಹಟ್ಟಿಯ ಹೆಂಗಸರು ಚೆಂಬು ತೊಳೆದು, ಕರು ಬಿಚ್ಚಿ, ಹಸುವಿನ ಪಕ್ಕ ಕೂರುತ್ತಿದ್ದರು. ಮೊದಲೇ ಕರೆದಿಟ್ಟರೆ ಬಿಸಿಲುಗಾಲದಲ್ಲಿ ಹಾಲು ಕೆಡುತ್ತಿತ್ತು, ತಡಮಾಡಿದರೆ ಕಾಂತರಾಜು ನಿಲ್ಲುತ್ತಿರಲಿಲ್ಲ. ಹೀಗೆ ಹನ್ನೊಂದು ವರ್ಷ ನಡೆದು, ಯಾರಿಗೂ ಗೊತ್ತಾಗದ ಹಾಗೆ ಹಸುಗಳೂ ಅದನ್ನು ಕಲಿತುಬಿಟ್ಟಿದ್ದವು. ದಬದಬ ಕೇಳಿದರೆ ಕೆಚ್ಚಲಿಗೆ ತಾನಾಗಿ ಹಾಲಿಳಿಯುತ್ತಿತ್ತು. ಕೇಳದಿದ್ದರೆ, ಸೀಲು ಬೀಳದ ಅರ್ಜಿಯ ಮುಂದೆ ಕೂತ ಗುಮಾಸ್ತನ ಹಾಗೆ ಹಸು ಎಲ್ಲೋ ನೋಡುತ್ತ ನಿಲ್ಲುತ್ತಿತ್ತು.

ಆ ಬೈಕು ಯುಗಾದಿ ಕಳೆದ ವಾರ ಹಳ್ಳದಲ್ಲಿ ನಿಂತಿತು, ಮತ್ತೆ ಏಳಲಿಲ್ಲ. ಬೀರೂರಿನ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿ, ಅದರ ಮೇಲೆ ಒಂದು ಗೋಣಿಚೀಲ ಹೊದಿಸಿದ.

ಕಡೂರಿನ ಹೊಸ ಷೋರೂಮಿನಲ್ಲಿ ಓಂಕಾರೇಶ್ ಎಂಬ ಹುಡುಗ ಟೈ ಕಟ್ಟಿಕೊಂಡು ನಿಂತಿರುತ್ತಿದ್ದ. ಗಾಡಿ ಮಾರುವವನೂ ಅವನೇ, ಸರ್ವಿಸಿನ ಜವಾಬ್ದಾರಿಯವನೂ ಅವನೇ. ಅವನು ಕಾಂತರಾಜುವಿಗೆ ಎಲೆಕ್ಟ್ರಿಕ್ ಬೈಕಿನ ಒಂದು ವಿಡಿಯೋ ತೋರಿಸಿದ. ಗಡ್ಡ ಬಿಟ್ಟ ಒಬ್ಬ ತರುಣ ಹಿಮದ ಬೆಟ್ಟದ ಮೇಲೆ ಅದೇ ಬೈಕನ್ನು ಹಾರಿಸಿಕೊಂಡು ಹೋಗುತ್ತಿದ್ದ. ಕಾಂತರಾಜು ಕಾವಲಿನ ಮಾತೆತ್ತಿದ. ಓಂಕಾರೇಶ್ ನಕ್ಕು, ಹಿಮಾಲಯ ಹತ್ತಿದ ಗಾಡಿಗೆ ನಿಮ್ಮ ಕಾವಲು ಯಾವ ಲೆಕ್ಕ ಎಂದ. ಆ ತರುಣ ಬೆನ್ನ ಹಿಂದೆ ನಾಲ್ಕು ಕ್ಯಾನು ಹಾಲು ಕಟ್ಟಿಕೊಂಡಿದ್ದನೇ ಎಂದು ಕೇಳಲು ಕಾಂತರಾಜುವಿಗೆ ಹೊಳೆಯಲಿಲ್ಲ. ಪೆಟ್ರೋಲು ಬೇಡ, ಮನೆಯ ಗೋಡೆಗೆ ಸಿಕ್ಕಿಸಿದರೆ ಸಾಕು ಎಂದದ್ದೇ ಅವನಿಗೆ ದೊಡ್ಡದಾಗಿ ಕೇಳಿತ್ತು.

ಮಾರನೆಯ ಬೆಳಗ್ಗೆ ಅವನು ಸದ್ದಿಲ್ಲದೆ ಬೋರನಹಟ್ಟಿಗೆ ಹೋಗಿ ಕಾಶಮ್ಮನ ಮನೆ ಮುಂದೆ ನಿಂತ. ಕಾಶಮ್ಮ ಹಟ್ಟಿಗೆಲ್ಲ ಹಿರಿಯಳು, ಎರಡು ಹಸು ಒಂದು ಎಮ್ಮೆ ಸಾಕಿದವಳು. ಅಂಗಳ ಗುಡಿಸುತ್ತಿದ್ದವಳು ತಲೆಯೆತ್ತಿ ನೋಡಿ ಪೊರಕೆಯನ್ನೇ ಕೈಬಿಟ್ಟಳು.

"ಏನಪ್ಪಾ, ದೆವ್ವ ನಿಂತಂಗೆ ನಿಂತಿದೀಯಲ್ಲ. ಒಂದ್ಸಲ ಕೆಮ್ಮೋದಾದ್ರೂ ಬ್ಯಾಡ್ವಾ?"

"ಹೊಸ ಗಾಡಿ ಕಣಜ್ಜಿ. ಕರೆಂಟಿಂದು."

"ಕರೆಂಟಿಂದು ಅಂತ ನಂಗೆ ಗೊತ್ತಾಯ್ತು. ಹಸೂಗೆ ಯಾರು ಹೇಳ್ತಾರೆ?"

ಹಸುವಿಗೆ ಯಾರು ಹೇಳಿದರೂ ಅದು ಕೇಳಲಿಲ್ಲ. ಕರು ಬಿಟ್ಟರು, ಕೆಚ್ಚಲಿಗೆ ಬಿಸಿನೀರು ಹಾಕಿದರು, ಒಬ್ಬಳು ಬಾಯಲ್ಲೇ ದಬದಬ ಎಂದೂ ನೋಡಿದಳು. ಅರ್ಧಕ್ಕರ್ಧ ಹಾಲು ಕೆಚ್ಚಲಲ್ಲೇ ಉಳಿಯಿತು. ವಾಪಸು ಬರುವಾಗ ಹಳ್ಳದ ಮರಳಿನಲ್ಲಿ ಹಿಂದಿನ ಚಕ್ರ ಇದ್ದಲ್ಲೇ ತಿರುಗಿತು. ಇಳಿದು ಸ್ಟ್ಯಾಂಡ್ ಹಾಕಿದರೆ ಸ್ಟ್ಯಾಂಡು ಮರಳೊಳಗೆ ಇಳಿದು ಬೈಕು ಮಲಗಿತು. ಎತ್ತಿ ನಿಲ್ಲಿಸಿ ಹೊರಟರೆ ಬ್ಯಾಟರಿಯ ಹೊಟ್ಟೆಗೆ ಕಲ್ಲು ತಗುಲಿ ಟಣ್ ಎಂದಿತು. ಮುಳ್ಳುಕೊಂಬೆ ಎರಡೂ ಮುಂಗೈ ಗೀರಿತು. ಸದ್ದೇ ಇಲ್ಲದೆ ಹತ್ತಿರ ಬಂದ ಈ ವಸ್ತುವನ್ನು ಕಂಡು ಕಾವಲಿನ ಅಮೃತಮಹಲ್ ದನಗಳು ಕೊಂಬು ತಗ್ಗಿಸಿ ಒಂದು ಫರ್ಲಾಂಗು ಅಟ್ಟಿಸಿಕೊಂಡು ಬಂದವು. ಅವನು ಟಾರು ರಸ್ತೆ ಮುಟ್ಟುವಾಗ ವ್ಯಾನು ಹೋಗಿ ಇಪ್ಪತ್ತು ನಿಮಿಷವಾಗಿತ್ತು.

ಅವತ್ತು ಸಂಜೆ ಹೋಟೆಲಿನ ಕಟ್ಟೆಯ ಮೇಲೆ ಬೈಕಿನ ಸುತ್ತ ಊರೇ ಸೇರಿತು. ಸಿದ್ದರಕಟ್ಟೆಯಲ್ಲಿ ಎಲೆಕ್ಟ್ರಿಕ್ ಬೈಕು ಅದೇ ಮೊದಲು. ಆದರೂ ಅದರ ಬಗ್ಗೆ ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ತೆಂಗಿನ ಮಂಡಿಯ ಗಂಗಾಧರಯ್ಯನವರು ಬದುಕಿನಲ್ಲಿ ಬೈಕು ಹತ್ತಿದವರಲ್ಲ. ಅವರೇ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದರು. ಟೈರಿನ ಗಾಳಿ ಇಳಿಸಬೇಕೆಂದು ಒಬ್ಬರು, ಏರಿಸಬೇಕೆಂದು ಇನ್ನೊಬ್ಬರು. ಮಳೆಯಲ್ಲಿ ಕರೆಂಟು ಹೊಡೆಯುತ್ತದೆ, ರಬ್ಬರ್ ಚಪ್ಪಲಿ ಹಾಕಿಕೋ ಎಂದು ಮತ್ತೊಬ್ಬರು. ಕಾಂತರಾಜು ಎಲ್ಲರ ಮಾತನ್ನೂ ಕೇಳಿದ. ಇಲ್ಲ ಎನ್ನಲು ಬಾರದ ಮನುಷ್ಯ ಅವನು. ಆದ್ದರಿಂದ ಆ ತಿಂಗಳಲ್ಲಿ ಅವನ ಬೈಕಿಗೆ ಸೇರಿದ್ದೆಲ್ಲ ಒಬ್ಬರ ತಲೆಯಿಂದ ಬಂದದ್ದಲ್ಲ.

ಹೆಂಡತಿ ಕೋಮಲಾಳ ತವರು ಯಗಟಿ. ತೆಂಗಿನ ನಾಡು. ಅಲ್ಲಿಂದ ಒಂದು ಹೊರೆ ಕತ್ತದ ಹಗ್ಗ ಬಂತು. ಅದನ್ನು ಹಿಂದಿನ ಚಕ್ರದ ಕಡ್ಡಿಗಳ ಸಂದಿಯಿಂದ ತೂರಿಸಿ, ಟೈರಿನ ಮೇಲಿಂದ ತಂದು, ಗೇಣಿಗೊಂದರಂತೆ ಸುತ್ತು ಬಿಗಿದ. ಹಗ್ಗಕ್ಕೆ ಜಾಗವಾಗಲೆಂದು ಮಡ್‌ಗಾರ್ಡು ಬಿಚ್ಚಿದ. ಮರಳಲ್ಲಿ ಚಕ್ರ ಕಚ್ಚಿಕೊಂಡು ನಡೆಯಿತು. ಆದರೆ ಈಗ ಕೆಸರು ನೇರ ಬೆನ್ನಿಗೆ ಬಂತು. ತರೀಕೆರೆಯ ನೆಂಟರ ತೋಟದಿಂದ ಅಡಿಕೆ ಹಾಳೆ ತರಿಸಿ ಮಡ್‌ಗಾರ್ಡಿನ ಜಾಗಕ್ಕೆ ಕಟ್ಟಿದ. ಅಜ್ಜಂಪುರದ ಗುಜರಿಯಲ್ಲಿ ಒಡೆದ ನೀಲಿ ಡ್ರಮ್ಮು ಸಿಕ್ಕಿತು, ಅದರ ಒಂದು ಹೋಳು ಬ್ಯಾಟರಿಯ ಹೊಟ್ಟೆಗೆ ಕವಚವಾಯಿತು. ಎಣ್ಣೆ ಡಬ್ಬ ಎರಡು ಸೀಳು ಮಾಡಿ ಹ್ಯಾಂಡಲಿಗೆ ಕಟ್ಟಿದ ಮೇಲೆ ಮುಳ್ಳು ಕೈಗೆ ತಾಗಲಿಲ್ಲ. ಚಾರ್ಜಿನ ತೂತಿಗೆ ನೀರು ಹೋಗದಂತೆ ಅರ್ಧ ತೆಂಗಿನ ಚಿಪ್ಪು ಮುಚ್ಚಿ ಸೈಕಲ್ ಟ್ಯೂಬಿನಿಂದ ಬಿಗಿದ. ಸ್ಟ್ಯಾಂಡಿನ ತುದಿಗೆ ಒಂದು ಹಳೆಯ ಹವಾಯಿ ಚಪ್ಪಲಿ ಕಟ್ಟಿದ ಮೇಲೆ ಅದು ಮರಳಲ್ಲಿ ಇಳಿಯುವುದು ನಿಂತಿತು. ಊರಿನಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕುವ ಗಾಡಿ ಎಂದು ಹೆಸರಾಯಿತು.

ಇಷ್ಟಕ್ಕೆಲ್ಲ ಅವನ ಕೈಯಿಂದ ಹೋದದ್ದು ಡ್ರಮ್ಮಿನ ಹೋಳಿಗೆ ಕೊಟ್ಟ ಅರವತ್ತು ರೂಪಾಯಿ ಮಾತ್ರ. ಕೋಮಲಾ ಬಾಗಿಲಲ್ಲಿ ನಿಂತು ನೋಡಿ, ಮನೆಯಲ್ಲಿ ಇನ್ನೇನು ಉಳಿದಿದೆ, ನನ್ನನ್ನೂ ಒಂದು ಕಡೆ ಕಟ್ಟಿಬಿಡಿ ಎಂದಳು.

ಮೊದಲ ಫ್ರೀ ಸರ್ವಿಸಿಗೆ ಅವನು ಕಡೂರಿಗೆ ಹೋದಾಗ ಓಂಕಾರೇಶ್ ಗಾಡಿಯನ್ನು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಅದರ ಸುತ್ತ ಮೂರು ಸುತ್ತು ಬಂದ. ಚಪ್ಪಲಿಯ ಹತ್ತಿರ ಬಂದು ನಿಂತ.

"ಅಣ್ಣಾ, ಇದಕ್ಕೆ ವಾರಂಟಿ ಕೊಡೋದಿರ್ಲಿ, ಇದನ್ನ ಏನಂತ ಕಂಪ್ಯೂಟರಿಗೆ ಹಾಕ್ಲಿ?"

ಅವನು ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ. ಮೇಲಿನವರು ಅವರ ಮೇಲಿನವರಿಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಸೀಲು ಹಾಕಿದ ಒಂದು ಕಾಗದ ಬಂತು. ಕಾಂತರಾಜು ಅದನ್ನು ಮನೆಗೆ ತಂದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಕೋಮಲಾ ಓದಿ ಹೇಳಿದಳು. ಹಗ್ಗ, ಹಾಳೆ, ಚಿಪ್ಪು, ಡ್ರಮ್ಮು ಹಾಗೂ ಪಾದರಕ್ಷೆ ಅಳವಡಿಸಿರುವುದರಿಂದ ಈ ವಸ್ತುವನ್ನು ಕಂಪನಿಯು ಇನ್ನು ಮುಂದೆ ವಾಹನವೆಂದು ಒಪ್ಪುವುದಿಲ್ಲ ಎಂದು ಅದರಲ್ಲಿತ್ತು. ಕಾಂತರಾಜುವಿಗೆ ಬೇಜಾರಾಯಿತು. ಸೀಲು ಇರುವ ಕಾಗದ ಎಸೆಯಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಲುಗಾಡುತ್ತಿದ್ದ ತೆಂಗಿನ ಚಿಪ್ಪಿನ ಒಳಗೆ ಒತ್ತಿ ಇಟ್ಟ. ಚಿಪ್ಪು ಬಿಗಿಯಾಗಿ ಕೂತಿತು. ಷೋರೂಮಿನಿಂದ ಗಾಡಿಗೆ ಆದ ಉಪಕಾರ ಸದ್ಯಕ್ಕೆ ಅಷ್ಟೇ.

ಓಡುವ ಸಮಸ್ಯೆ ತೀರಿದರೂ ಸದ್ದಿನ ಸಮಸ್ಯೆ ಹಾಗೇ ಉಳಿಯಿತು. ಹಾರ್ನು ಹೊಡೆದರೆ ಹಸುಗಳು ಬೆಚ್ಚಿ ಹಾಲನ್ನು ಇನ್ನಷ್ಟು ಬಿಗಿ ಹಿಡಿದವು. ಆಗ ಉಪಾಯ ಹೇಳಿದವನು ಕುರಿ ಕಲ್ಲಪ್ಪ. ನೂರ ನಲವತ್ತು ಕುರಿಗಳನ್ನು ಕಾವಲಿನ ಅಂಚಿನಲ್ಲಿ ಮೇಯಿಸುವವನು. ಅವನ ಹಿಂಡಿನ ಮುಂದೆ ನಡೆಯುತ್ತಿದ್ದ ಹಳೆಯ ಟಗರು ಹೋದ ಆಷಾಢದಲ್ಲಿ ಸತ್ತಿತ್ತು, ಅದರ ಕೊರಳಿನ ದೊಡ್ಡ ಕಂಚಿನ ಗಂಟೆ ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತು. ಕಟ್ಟಿಕೋ, ಹಟ್ಟಿಗೆಲ್ಲ ಕೇಳುತ್ತದೆ ಎಂದು ತಾನೇ ತಂದುಕೊಟ್ಟು, ಹ್ಯಾಂಡಲಿನ ಕೆಳಗೆ ತಾನೇ ಕಟ್ಟಿದ. ಮೂವತ್ತು ವರ್ಷ ಕುರಿಯ ಜೊತೆ ಬದುಕಿದವನಿಗೂ ಹನ್ನೊಂದು ವರ್ಷ ಹಸುವಿನ ಸ್ವಭಾವ ಕಂಡವನಿಗೂ ಆ ಕ್ಷಣದಲ್ಲಿ ಕುರಿಯ ಯೋಚನೆ ಬರಲಿಲ್ಲ.

ಕಾಂತರಾಜು ಗಂಟೆ ಬಾರಿಸುತ್ತ ಕಾವಲಿಗೆ ಇಳಿದ. ದೊಡ್ಡಿಯಿಂದ ಆಗತಾನೇ ಬಿಟ್ಟಿದ್ದ ಕುರಿಗಳು ಕತ್ತು ಎತ್ತಿದವು. ಹತ್ತು ತಿಂಗಳು ಸತ್ತಿದ್ದ ಟಗರು ಮತ್ತೆ ಬಂದಿತ್ತು, ಅದೂ ಹಿಂದೆಂದಿಗಿಂತ ಜೋರಾಗಿ ನಡೆಯುತ್ತಿತ್ತು. ನೂರ ನಲವತ್ತೂ ಅದರ ಹಿಂದೆ ಓಡಿದವು. ಕಾಂತರಾಜು ಹೆದರಿ ವೇಗ ಹೆಚ್ಚಿಸಿದಷ್ಟೂ ಗಂಟೆ ಜೋರಾಯಿತು, ಗಂಟೆ ಜೋರಾದಷ್ಟೂ ಕುರಿ ಓಡಿದವು. ಬೋರನಹಟ್ಟಿಗೆ ಆ ದಿನ ಹಾಲಿನ ಬೈಕು ಬಂದದ್ದು ದಂಡು ಬಂದ ಹಾಗೆ. ಕಾಶಮ್ಮನ ಹೆಸರುಕಾಳಿನ ಹೊಲ ಕಾಲು ಗಂಟೆಯಲ್ಲಿ ನೆಲ ಕಂಡಿತು. ಹಿಂದೆಯೇ ಏದುಸಿರು ಬಿಡುತ್ತ ಕಲ್ಲಪ್ಪ ಬಂದ.

"ಲೇ ಕಾಂತ, ಇಳಿಯೋ ಕೆಳಕ್ಕೆ. ನನ್ ಕುರಿ ನನ್ ಮಾತು ಕೇಳ್ತಿಲ್ಲ ಕಣೋ, ನಿನ್ ಹ್ಯಾಂಡ್ಲು ನೋಡ್ತಾವೆ."

"ನೀನೇ ಅಲ್ವೇನೋ ಕಟ್ಟಿದ್ದು?"

"ಕಟ್ದೆ. ಕುರಿಗೆ ಬುದ್ಧಿ ಇಲ್ಲ ಅಂದ್ಕಂಡು ಕಟ್ದೆ. ನಿಂಗಾದ್ರೂ ಇರ್ಬೇಕಿತ್ತು."

ಗಂಟೆ ಬಿಚ್ಚಿ ಕಲ್ಲಪ್ಪ ತನ್ನ ಕೊರಳಿಗೇ ಹಾಕಿಕೊಂಡ ಮೇಲೆ ಹಿಂಡು ವಾಪಸು ಹೊರಟಿತು. ಕಾಶಮ್ಮ ಹೆಸರುಕಾಳಿನ ಹೊಲವನ್ನೂ ಕಾಂತರಾಜುವಿನ ಮುಖವನ್ನೂ ಒಂದೊಂದು ಸಲ ನೋಡಿ, ಮುಂದಿನ ವರ್ಷ ಇನ್ನೊಂದು ಉಪಾಯ ಮಾಡುವಾಗ ಮೊದಲು ಕುಯ್ಲು ಮುಗಿಯಲಿ ಎಂದಳು.

ನಗುವುದಕ್ಕೆ ಕಾಂತರಾಜುವಿಗೆ ಪುರುಸೊತ್ತಿರಲಿಲ್ಲ. ಅದೇ ವಾರ ಡೇರಿಯಿಂದ ನೋಟೀಸು ಬಂತು. ರೂಟ್ ನಂಬರ್ ಹದಿನೇಳರಲ್ಲಿ ಹಾಲು ತಡವಾಗಿ ಬರುತ್ತಿದೆ, ಅದು ಒಂದು. ಹಾಲಿನ ಕೊಬ್ಬು ಇಳಿದಿದೆ, ಹೆಂಗಸರು ಕೆನೆ ತೆಗೆದು ಹಾಕುತ್ತಿರಬಹುದು, ಅದು ಎರಡು. ಬರುವ ಸೋಮವಾರ ಸೂಪರ್‌ವೈಸರ್ ಪ್ರಸನ್ನಕುಮಾರ್ ಖುದ್ದಾಗಿ ಬಂದು ಪರಿಶೀಲಿಸಿ, ರೂಟು ಇರಬೇಕೋ ಬೇಡವೋ ಎಂದು ಅಂದೇ ಬರೆಯುತ್ತಾರೆ.

ರೂಟು ಹೋದರೆ ಏನಾಗುತ್ತದೆಂದು ಹಟ್ಟಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಡೇರಿ ಬರುವ ಮೊದಲು ಹಾಲು ಕೊಳ್ಳಲು ಒಬ್ಬ ಬರುತ್ತಿದ್ದ. ಅವನ ಕೈಯ ಲೀಟರಿನ ಪಾತ್ರೆ ಒಂದೂಕಾಲು ಲೀಟರ್ ಹಿಡಿಯುತ್ತಿತ್ತು. ಅವನು ಇನ್ನೂ ಬದುಕಿದ್ದ, ಪಾತ್ರೆಯೂ ಇತ್ತು. ರೂಟು ಹೋದರೆ ಕಾಂತರಾಜುವಿನ ಕೆಲಸವೂ ಹೋಯಿತು. ಆದರೆ ಅವನನ್ನು ಹೆಚ್ಚು ಕೊರೆದದ್ದು ಕೆನೆಯ ಮಾತು. ಕಾಶಮ್ಮ ಹನ್ನೊಂದು ವರ್ಷದಲ್ಲಿ ಒಂದು ಚಮಚ ನೀರು ಬೆರೆಸಿದವಳಲ್ಲ. ನೋಟೀಸಿನ ವಿಷಯ ಕೇಳಿ ಅವಳು ಅವತ್ತಿನ ಹಾಲನ್ನು ಅವನ ಕಣ್ಣೆದುರೇ ಕರೆದು, ಅವನ ಕಣ್ಣೆದುರೇ ಕ್ಯಾನಿಗೆ ಸುರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ದಿನ ಕಾಂತರಾಜು ಮನೆಯಲ್ಲಿ ಖಾಲಿ ಕ್ಯಾನು ತೊಳೆಯಲು ಕೊಟ್ಟು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಕೋಮಲಾ ಕ್ಯಾನಿನ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಏನಿದು?"

"ಏನು?"

"ಬೆಣ್ಣೆ ಕಣ್ರೀ. ಮುಚ್ಚಳದಲ್ಲೆಲ್ಲಾ ಬೆಣ್ಣೆ. ಕೆನೆ ತೆಗೀತಿರೋರು ಹಟ್ಟಿಯೋರಲ್ಲ. ನೀವು. ಏಳು ಕಿಲೋಮೀಟರ್ ಕಡೀತಾ ಬರ್ತಿದೀರ."

ನಡೆದದ್ದು ಅದೇ. ಹಸುಗಳು ಬಿಗಿ ಹಿಡಿದದ್ದರಿಂದ ನಾಲ್ಕೂ ಕ್ಯಾನು ಅರ್ಧರ್ಧ ತುಂಬುತ್ತಿದ್ದವು. ಹಗ್ಗ ಸುತ್ತಿದ ಚಕ್ರ ಗೇಣಿಗೊಮ್ಮೆ ಕುಕ್ಕುತ್ತಿತ್ತು. ಅರ್ಧ ತುಂಬಿದ ಹಾಲು ಒಳಗೆ ಎದ್ದು ಬಿದ್ದು, ಟಾರು ರಸ್ತೆಗೆ ಬರುವಷ್ಟರಲ್ಲಿ ಬೆಣ್ಣೆ ಕಾಳು ಕಟ್ಟಿ ಮುಚ್ಚಳಕ್ಕೆ ಅಂಟುತ್ತಿತ್ತು. ಬೀರೂರಿನವರು ಉಳಿದ ಹಾಲನ್ನು ಅಳೆದು ಹೆಂಗಸರನ್ನು ಬೈಯುತ್ತಿದ್ದರು. ಊರಿನ ಕಟ್ಟೆಯ ಮೇಲೆ ತಿಂಗಳೆಲ್ಲ ಕೂತು ಬೈಕನ್ನು ತಿದ್ದಿದ ಗಂಡಸರಲ್ಲಿ ಒಬ್ಬರೂ ಕ್ಯಾನಿನ ಮುಚ್ಚಳ ತೆಗೆದು ನೋಡಿರಲಿಲ್ಲ. ಅದು ತೊಳೆಯುವವರ ಕೆಲಸವಾಗಿತ್ತು.

ಕೋಮಲಾಳ ತಿದ್ದುಪಡಿಗಳಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಾಲ್ಕು ಕ್ಯಾನಿಗೆ ಅರ್ಧರ್ಧ ಬೇಡ, ಹಾಲು ಎಷ್ಟಿದ್ದರೂ ಒಂದೊಂದನ್ನೇ ಕಂಠಮಟ್ಟ ತುಂಬಿ ಎಂದಳು. ಯಗಟಿಯಲ್ಲಿ ದೂರದಿಂದ ನೀರು ಹೊರುವಾಗ ಕೊಡದ ಮೇಲೆ ಮುತ್ತುಗದ ಎಲೆ ತೇಲಿಬಿಡುತ್ತಿದ್ದರು, ನೀರು ತುಳುಕುತ್ತಿರಲಿಲ್ಲ. ಹಾಲಿನ ಮೇಲೂ ತೊಳೆದ ಎಲೆ ಎರಡು ಬಿಡಿ ಎಂದಳು. ಕ್ಯಾನುಗಳನ್ನು ಕಬ್ಬಿಣಕ್ಕೆ ಬಿಗಿಯದೆ, ಹಳೆಯ ಸೈಕಲ್ ಟ್ಯೂಬಿನಲ್ಲಿ ತೊಟ್ಟಿಲ ಹಾಗೆ ತೂಗಿಬಿಟ್ಟಳು. ಆಮೇಲೆ ಬೀರುವಿನಿಂದ ಅತ್ತೆಯ ಸೊಂಟದ ಹಳೆಯ ಎಕ್ಸ್‌ರೇ ಹಾಳೆ ತೆಗೆದು, ಅಂಗೈಯಷ್ಟು ಕತ್ತರಿಸಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಮುಂದಿನ ಚಕ್ರದ ಪಕ್ಕದ ಕಂಬಿಗೆ ಸಿಕ್ಕಿಸಿದಳು. ಸೈಕಲ್ಲಿಗೆ ಮಕ್ಕಳು ರಟ್ಟು ಸಿಕ್ಕಿಸಿ ಸದ್ದು ಮಾಡುವುದನ್ನು ಅವಳು ನೋಡಿದ್ದಳು. ಚಕ್ರದ ಕಡ್ಡಿಗಳು ಹಾಳೆಗೆ ಬಡಿದು ದಬದಬ ಎಂದವು.

ಮಾರನೆಯ ಬೆಳಗ್ಗೆ ದಿಣ್ಣೆಯ ಮೇಲೆ ಆ ಸದ್ದು ಎದ್ದಾಗ ಕಾಶಮ್ಮನ ಹಸು ಮೇವು ಬಿಟ್ಟು ತಿರುಗಿ ನೋಡಿತು. ಒಂದು ನಿಮಿಷ ಅನುಮಾನಪಟ್ಟಿತು. ಆಮೇಲೆ ಹಾಲಿಳಿಸಿತು.

ಸೋಮವಾರ ಪ್ರಸನ್ನಕುಮಾರ್ ಜೀಪಿನಲ್ಲಿ ಬಂದರು. ಬಿಳಿ ಷರಟು, ಕೈಯಲ್ಲಿ ಕೊಬ್ಬು ಅಳೆಯುವ ಪೆಟ್ಟಿಗೆ, ಕಂಕುಳಲ್ಲಿ ಫಾರಮ್ಮು. ಕಾಂತರಾಜುವಿನ ಬೈಕನ್ನು ನೋಡಿ ಅವರು ಇದು ಯಾವ ಹಬ್ಬದ್ದು ಎಂದು ಕೇಳಿದರು. ನೀನು ಮುಂದೆ ನಡೆ, ನಾನು ಜೀಪಿನಲ್ಲಿ ಹಿಂದೆ ಬರುತ್ತೇನೆ ಎಂದರು. ಹಳ್ಳದವರೆಗೆ ಹಾಗೆಯೇ ಬಂದರು. ಹಳ್ಳದಲ್ಲಿ ಜೀಪು ಕೂತಿತು. ಡ್ರೈವರು ಮುಂದಕ್ಕೆ ಒತ್ತಿದಷ್ಟೂ ಅದು ಕೆಳಕ್ಕೆ ಹೋಯಿತು. ಕೊನೆಗೆ ಸೂಪರ್‌ವೈಸರು ಬಿಳಿ ಷರಟಿನಲ್ಲಿ ಕ್ಯಾನುಗಳ ಮಧ್ಯೆ ಕಾಲು ತೂರಿಸಿ, ಒಂದು ಕೈಯಲ್ಲಿ ಪೆಟ್ಟಿಗೆ ಇನ್ನೊಂದು ಕೈಯಲ್ಲಿ ಕಾಂತರಾಜುವಿನ ಸೊಂಟ ಹಿಡಿದು ಬೋರನಹಟ್ಟಿ ಸೇರಿದರು. ಅಡಿಕೆ ಹಾಳೆ ಇದ್ದುದರಿಂದ ಷರಟು ಬಿಳಿಯಾಗಿಯೇ ಉಳಿಯಿತು. ಅದನ್ನು ಅವರು ಗಮನಿಸಿದರೂ ಹೇಳಲಿಲ್ಲ.

ಎಲ್ಲರೂ ಅವರ ಎದುರಿಗೇ ಹಾಲು ಕರೆದರು. ಮೊದಲು ಕಾಶಮ್ಮನ ಹಾಲನ್ನು ಅಳೆದರು, ಆಮೇಲೆ ಎಲ್ಲ ಸೇರಿದ ಕ್ಯಾನಿನದು. ಎಲೆ ಕಂಡು, ಇದು ಕಲಬೆರಕೆಯೋ ಎಂದು ಕೇಳಿದರು. ಊಟದೆಲೆ ಆಗುವ ಎಲೆ ಸ್ವಾಮಿ, ನೀವೂ ಅದರಲ್ಲೇ ಉಂಡಿರುತ್ತೀರಿ ಎಂದಳು ಕಾಶಮ್ಮ. ಕೊಬ್ಬು ಚೆನ್ನಾಗಿತ್ತು. ಟಾರು ರಸ್ತೆಗೆ ಹೋದ ಮೇಲೂ ಇನ್ನೊಮ್ಮೆ ಅಳೆದು ನೋಡಿ, ಇಳಿದಿದ್ದರೆ ನಾನು ಹೊಣೆ ಎಂದು ಕಾಂತರಾಜು ಹೇಳಿದ. ಕೆನೆಯ ಮಾತು ಅಲ್ಲಿಗೆ ನಿಂತಿತು.

ಆದರೆ ಫಾರಮ್ಮು ಇತ್ತು. ಪ್ರಸನ್ನಕುಮಾರ್ ಜಗುಲಿಯ ಮೇಲೆ ಕೂತು ಕನ್ನಡಕ ಹಾಕಿಕೊಂಡು ಮೊದಲ ಕಾಲಂ ಓದಿದರು. ವಾಹನ ಓಡಾಡುವ ದಾರಿ ಇದೆಯೇ. ಇದೆ ಎಂದು ಬರೆದರೆ, ಹಟ್ಟಿಯವರು ತಾವೇ ವಾಹನದಲ್ಲಿ ಹಾಲನ್ನು ಟಾರು ರಸ್ತೆಗೆ ತರಬಹುದು, ಆದ್ದರಿಂದ ರೂಟು ರದ್ದು. ಇಲ್ಲ ಎಂದು ಬರೆದರೆ, ವಾಹನ ಹೋಗದ ಕಡೆ ಹಾಲು ಸಂಗ್ರಹ ಸಾಧ್ಯವಿಲ್ಲ, ಆದ್ದರಿಂದಲೂ ರೂಟು ರದ್ದು. ಅವರು ಅದನ್ನು ಎರಡು ಸಲ ಓದಿದರು. ಫಾರಮ್ಮು ಬರೆದವರು ಯಾವ ಹಟ್ಟಿಯನ್ನೂ ನೋಡಿರಲಿಲ್ಲ, ಆದರೆ ಯಾವ ಹಟ್ಟಿಯೂ ತಪ್ಪಿಸಿಕೊಳ್ಳದ ಹಾಗೆ ಬರೆದಿದ್ದರು.

ಅಂಗಳದಲ್ಲಿ ಇಪ್ಪತ್ತೆರಡು ಮನೆಯವರೂ ನಿಂತಿದ್ದರು.

ಫಾರಮ್ಮಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ಯಾವುದೋ ಹಳೆಯ ಕಾಲದ್ದು, ತೆಗೆಯಲು ಮರೆತದ್ದು. ವಾಹನವಲ್ಲದ ರೀತಿಯಲ್ಲಿ, ಎಂದರೆ ತಲೆಹೊರೆ, ಎತ್ತು, ಕತ್ತೆ ಅಥವಾ ಇತರೆ ರೀತಿಯಲ್ಲಿ, ಹಾಲು ಹೊತ್ತಿಗೆ ಸರಿಯಾಗಿ ಬರುತ್ತಿದ್ದರೆ ರೂಟು ಮುಂದುವರಿಸಬಹುದು. ಪ್ರಸನ್ನಕುಮಾರ್ ಅದನ್ನು ಗಟ್ಟಿಯಾಗಿ ಓದಿ, ನಿಟ್ಟುಸಿರು ಬಿಟ್ಟು, ನೀನು ಕತ್ತೆ ಇಟ್ಟಿದ್ದರೆ ಆಗುತ್ತಿತ್ತಪ್ಪ, ಆದರೆ ನಾನೇ ವಾಹನದ ಮೇಲೆ ಕೂತು ಬಂದಿದ್ದೇನೆ, ಸುಳ್ಳು ಹೇಗೆ ಬರೆಯಲಿ ಎಂದರು.

ಬದುಕಿನಲ್ಲಿ ಕಾಂತರಾಜು ಆಫೀಸಿನವರಿಗೆ ಎದುರು ಮಾತಾಡಿದವನಲ್ಲ. ಅಂಗಳದ ಅಂಚಿನಲ್ಲಿ ಒಂದೇ ಚಪ್ಪಲಿಯ ಮೇಲೆ ವಾಲಿ ನಿಂತ ತನ್ನ ಬೈಕನ್ನು ನೋಡಿದ. ಹೋಗಿ, ಟ್ಯೂಬು ಸಡಿಲಿಸಿ, ತೆಂಗಿನ ಚಿಪ್ಪು ತೆಗೆದು, ಅದರೊಳಗಿನ ಕಾಗದವನ್ನು ತಂದು ಎರಡೂ ಕೈಯಲ್ಲಿ ಕೊಟ್ಟ.

"ಇದು ವಾಹನ ಅಲ್ಲ ಸಾರ್. ಕಂಪನಿಯೋರೇ ಬರ್ಕೊಟ್ಟವ್ರೆ. ಸೀಲೂ ಐತೆ."

ಪ್ರಸನ್ನಕುಮಾರ್ ಓದಿದರು. ಪಾದರಕ್ಷೆ ಎಂಬಲ್ಲಿ ನಿಂತು ಬೈಕಿನ ಕಡೆ ನೋಡಿ ಮತ್ತೆ ಓದಿದರು. ಸೀಲನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಜೀಪು ಹಳ್ಳದಲ್ಲೇ ಇತ್ತು, ವಾಪಸು ಹೋಗಲು ಅವರಿಗೂ ಬೇರೆ ದಾರಿ ಇರಲಿಲ್ಲ. ಆದರೆ ಅದಕ್ಕಾಗಿಯೇ ಒಪ್ಪಿದರು ಎಂದರೆ ತಪ್ಪಾಗುತ್ತದೆ. ಕೆನೆಯ ನೋಟೀಸಿಗೆ ಸಹಿ ಹಾಕಿದವರು ಅವರೇ, ಬಂದಾಗಿನಿಂದ ಅವರು ಕಾಶಮ್ಮನ ಮುಖವನ್ನು ನೇರವಾಗಿ ನೋಡಿರಲಿಲ್ಲ. ಮೊದಲ ಕಾಲಮಿನಲ್ಲಿ ಇಲ್ಲ ಎಂದು ಬರೆದರು. ತಳದ ಸಾಲಿನಲ್ಲಿ ತಲೆಹೊರೆ, ಎತ್ತು, ಕತ್ತೆ ಮೂರನ್ನೂ ಹೊಡೆದುಹಾಕಿದರು. ಇತರೆ ಎಂಬಲ್ಲಿ ಪೆನ್ನು ನಿಂತಿತು.

"ಇತರೆ ಅಂದ್ರೆ ಏನು ಅಂತ ಬರೀಬೇಕಂತೆ. ಏನಂತ ಬರೀಲಿ ಇದನ್ನ?"

ಕಾಶಮ್ಮ ಚೆಂಬನ್ನು ಕೆಳಗಿಟ್ಟಳು.

"ಕಾಂತರಾಜು ಅಂತ ಬರ್ಕೊಳ್ಳಿ ಸ್ವಾಮಿ. ಹನ್ನೊಂದು ವರ್ಸದಿಂದ ಹಾಲು ಬತ್ತಿರೋದು ಅದ್ರಲ್ಲೇ."

ಅವರು ಹಾಗೆಯೇ ಬರೆದರು.

ರೂಟು ಉಳಿಯಿತು. ಷೋರೂಮಿನ ಓಂಕಾರೇಶ್ ಆಮೇಲೆ ಒಮ್ಮೆ ಫೋನು ಮಾಡಿ, ಅಜ್ಜಂಪುರದ ಗಿರಾಕಿಯೊಬ್ಬರು ಕೇಳುತ್ತಿದ್ದಾರೆ, ಹಗ್ಗದ ಗಂಟು ಒಳಗೆ ಬರಬೇಕೋ ಹೊರಗೆ ಬರಬೇಕೋ ಎಂದು ಮೆಲ್ಲಗೆ ವಿಚಾರಿಸಿದ. ಹಗ್ಗ ವಾರಕ್ಕೆರಡು ಸಲ ಸವೆಯುತ್ತದೆ, ಕಾಂತರಾಜು ಹೊಸದು ಸುತ್ತುತ್ತಾನೆ. ಅತ್ತೆಯ ಸೊಂಟದ ಎಕ್ಸ್‌ರೇ ಮುಗಿದು ಈಗ ಮೊಣಕಾಲಿನದು ಓಡುತ್ತಿದೆ.

ಬೀರೂರಿನ ಡೇರಿಯ ಕಂಪ್ಯೂಟರಿನಲ್ಲಿ ಮಾತ್ರ ಫಾರಮ್ಮಿನ ಆ ಹೆಸರು ಹಾಗೇ ಉಳಿದುಬಿಟ್ಟಿತು. ಲಾರಿ, ವ್ಯಾನು, ಆಟೋ, ಎತ್ತಿನ ಗಾಡಿ, ಅದರ ಕೆಳಗೆ ಕಾಂತರಾಜು. ಈ ವರ್ಷ ಮಳೆಗಾಲಕ್ಕೆ ಮುಂಚೆ ಎಲ್ಲ ರೂಟಿಗೂ ಬರುವ ಹಾಗೆ ಹದಿನೇಳಕ್ಕೂ ಒಂದು ಕಾಗದ ಬಂತು. ಕೋಮಲಾ ಹೊಸ್ತಿಲ ಮೇಲೆ ಕೂತು ಓದಿದಳು. ನಿಮ್ಮಲ್ಲಿರುವ ಕಾಂತರಾಜು, ಸಂಖ್ಯೆ ಒಂದು, ಮಳೆಗಾಲದಲ್ಲಿ ಓಡಲು ಸುಸ್ಥಿತಿಯಲ್ಲಿದೆಯೇ, ದುರಸ್ತಿ ಏನಾದರೂ ಬೇಕೇ, ಮರುಟಪಾಲಿನಲ್ಲಿ ತಿಳಿಸುವುದು.

ಅವನು ಅಂಗಳದಲ್ಲಿ ಚಕ್ರಕ್ಕೆ ಹಗ್ಗ ಬಿಗಿಯುತ್ತಿದ್ದ. ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಪೆನ್ನು ಹುಡುಕಿ, ಸುಸ್ಥಿತಿಯಲ್ಲಿದೆ ಎಂದು ಬರೆದಳು. ದುರಸ್ತಿಯ ಜಾಗದಲ್ಲಿ, ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎಂದು ಸೇರಿಸಿದಳು.